ಹತ್ತರಲ್ಲಿ ಒಂದು ಪಾಲು

ಪ್ರತಿ ಕಚೇರಿಯಲ್ಲೂ ಯಾರಿಗೂ ಬೇಡವಾದ ಮೇಜು ಒಂದಿರುತ್ತದೆ. ಹೊಸಬರಿಗೆ ಸಿಗುವುದು ಅದೇ. ಎಪ್ಪತ್ತರ ದಶಕದ ನಡುವೆ ಚಿತ್ರದುರ್ಗದ ಒಂದು ಸರ್ಕಾರಿ ಕಚೇರಿಗೆ ನಾನು ಗುಮಾಸ್ತೆಯಾಗಿ ಸೇರಿದಾಗ ನನಗೆ ಸಿಕ್ಕಿದ್ದು ಸಾಲ ವಿದ್ಯಾರ್ಥಿವೇತನದ ಮೇಜು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದು ಬಹಳ ದಿನವಾಗಿರಲಿಲ್ಲ. ಹಳೆಯ ಕಾಗದಗಳ ನೆತ್ತಿಯ ಮೇಲಿದ್ದ ‘ಮೈಸೂರು’ ಎಂಬುದನ್ನು ಪೆನ್ನಿನಲ್ಲಿ ಹೊಡೆದುಹಾಕಿ ಬಳಸುತ್ತಿದ್ದೆವು. ಈಗ ಇಂಥ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ನನ್ನನ್ನು ಕಂಡರೆ ಬಡ್ತಿಯ ಬಗ್ಗೆ, ಇಲಾಖಾ ಪರೀಕ್ಷೆಯ ಬಗ್ಗೆ ಕೇಳುತ್ತಾರೆ. ಅವೆಲ್ಲ ಹೇಗೋ ಆಗುತ್ತವೆ. ನಾನು ಹೇಳಬೇಕೆಂದಿರುವುದು ಆ ಮೇಜಿನಲ್ಲಿ ಕೂತು ನಾನೇ ಮಾಡಿದ ಒಂದು ತಪ್ಪಿನ ವಿಷಯ.

ಆ ಯೋಜನೆ ಹೀಗಿತ್ತು. ಬಡತನದಲ್ಲೂ ಚೆನ್ನಾಗಿ ಓದಿದವರಿಗೆ ಕಾಲೇಜು ಮುಗಿಸಲು ಸರ್ಕಾರ ಬಡ್ಡಿಯಿಲ್ಲದ ಸಾಲ ಕೊಡುತ್ತಿತ್ತು. ವಿದ್ಯಾರ್ಥಿ ಛಾಪಾ ಕಾಗದದ ಮೇಲೆ ಸಹಿ ಹಾಕಬೇಕು, ಅವನ ಪರವಾಗಿ ಒಬ್ಬರು ಜಾಮೀನು ನಿಲ್ಲಬೇಕು, ಕೆಲಸ ಸಿಕ್ಕ ಮೇಲೆ, ಸಿಗದಿದ್ದರೂ ಓದು ಮುಗಿದ ಕೆಲವು ವರ್ಷಕ್ಕೆ, ಕಂತಿನಲ್ಲಿ ತೀರಿಸಬೇಕು. ಆದರೆ ಪದವಿ ಮುಗಿಸಿ ಮೇಷ್ಟ್ರಾದವರಿಗೆ ಒಂದು ವಿನಾಯಿತಿ ಇತ್ತು: ಪಾಠ ಹೇಳಿದ ಪ್ರತಿ ವರ್ಷಕ್ಕೂ ಸಾಲದ ಹತ್ತರಲ್ಲಿ ಒಂದು ಪಾಲು ಮನ್ನಾ. ಹತ್ತು ವರ್ಷ ಪಾಠ ಹೇಳಿದರೆ ಸಾಲವೇ ಇಲ್ಲ. ಅದಕ್ಕಾಗಿ ಅವರು ವರ್ಷಕ್ಕೊಮ್ಮೆ ಹೆಡ್‌ಮಾಸ್ತರರಿಂದ ಸೇವಾ ಪ್ರಮಾಣಪತ್ರ ಬರೆಸಿ ನಮಗೆ ಕಳಿಸಬೇಕು, ನಾವು ಬೆಂಗಳೂರಿಗೆ ಬರೆದು ಆದೇಶ ತರಿಸಬೇಕು. ನಿಯಮಗಳ ಪುಸ್ತಕದಲ್ಲಿ ವಸೂಲಿ ಮೊದಲಿಗಿತ್ತು, ಮನ್ನಾ ಕೊನೆಗಿತ್ತು. ಮೊದಲ ಪುಟಗಳು ಬೆರಳ ಬೆವರಿಗೆ ಕಪ್ಪಾಗಿದ್ದವು. ಕೊನೆಯ ಪುಟ ಅಚ್ಚುಮನೆಯಿಂದ ಬಂದ ಹಾಗೇ ಬೆಳ್ಳಗಿತ್ತು.

ನಮ್ಮ ಸೂಪರಿಂಟೆಂಡೆಂಟ್ ಗುರುಸಿದ್ದಪ್ಪನವರು. ಬಂದ ಲಕೋಟೆಗಳನ್ನು ಬಿಡಿಸಿ, ಒಳಮಗ್ಗುಲಲ್ಲಿ ಕರಡು ಬರೆಯುವಷ್ಟು ಮಿತವ್ಯಯದ ಮನುಷ್ಯ. ಮಾತೂ ಹಾಗೆಯೇ. ಸೇರಿದ ದಿನ ನನಗೆ ಹೇಳಿದ್ದು ಇಷ್ಟೇ: “ಇಲ್ಲಿ ಅಳೋರು ಬರ್ತಾರೆ, ಬಯ್ಯೋರು ಬರ್ತಾರೆ. ನೀವು ಎರಡೂ ಮಾಡಬೇಡಿ.”

ಮೊದಲ ವರ್ಷ ನೋಟೀಸುಗಳನ್ನು ನಕಲು ಮಾಡುವುದರಲ್ಲೇ ಕಳೆಯಿತು. ಎಲ್ಲವೂ ಇಂಗ್ಲಿಷ್. ಒಂದು ಮಧ್ಯಾಹ್ನ ಹೊಸದುರ್ಗದ ಕಡೆಯಿಂದ ಒಬ್ಬ ತಾಯಿ ಬಂದಳು. ಸೆರಗಿನ ಗಂಟು ಬಿಚ್ಚಿ ನಮ್ಮ ನೋಟೀಸನ್ನು ತೆಗೆದು ನನ್ನ ಮೇಜಿನ ಮೇಲಿಟ್ಟಳು. ಮುಖದ ತುಂಬ ನಗು.

“ನನ್ ಮಗಂಗೆ ಆರ್ಡ್ರು ಬಂದೈತೆ ಕಣವ್ವ. ಯಾವತ್ತು ಹೋಗಿ ಕೆಲ್ಸಕ್ಕೆ ಸೇರ್ಕಬೇಕು ಅಂತ ಒಸಿ ಓದಿ ಹೇಳು. ಅವ್ನು ದಾವಣಗೆರೆಲಿ ಕೆಲ್ಸ ಹುಡುಕ್ತಾ ಅವ್ನೆ, ನಾನೇ ತಿಳ್ಕಂಡು ಹೋಗಾಣ ಅಂತ ಬಂದೆ.”

ಸರ್ಕಾರದ ಮುದ್ರೆ ಕಂಡು ಅವಳು ಅದನ್ನು ನೌಕರಿಯ ಆದೇಶವೆಂದು ತಿಳಿದಿದ್ದಳು. ಬೀದಿಗೆಲ್ಲ ಸಕ್ಕರೆ ಹಂಚಿ ಬಂದಿದ್ದಳು. ಅದು ಸಾಲ ಕಟ್ಟಲು ಬಂದ ನೋಟೀಸೆಂದು ನಾನು ಹೇಳಬೇಕಾಯಿತು. ಅವಳು ಅಳಲಿಲ್ಲ, ಬಯ್ಯಲಿಲ್ಲ. ಕಾಗದವನ್ನು ಮೊದಲಿದ್ದ ಮಡಿಕೆಗಳಲ್ಲೇ ಮಡಿಚಿ, “ಹಂಗಾರೆ ಯಾರ್ಗೂ ಹೇಳ್ಬೇಡ ಕಣವ್ವ” ಎಂದು ಎದ್ದು ಹೋದಳು.

ಮಾರನೆಯ ದಿನ ನೋಟೀಸಿನ ಕನ್ನಡ ಕರಡು ಬರೆದು ಗುರುಸಿದ್ದಪ್ಪನವರ ಮುಂದಿಟ್ಟೆ. ಅವರು ಓದಿ ಕನ್ನಡಕ ತೆಗೆದರು.

“ಇಂಗ್ಲಿಷಲ್ಲಿದ್ರೆ ಜನಕ್ಕೆ ಒಂದು ಭಯ ಇರುತ್ತಮ್ಮ. ಬೇಗ ಕಟ್ತಾರೆ.”

“ಭಯ ಎಲ್ಲಿ ಸಾರ್? ಸಕ್ಕರೆ ಹಂಚಿದಾರೆ.”

ಅವರು ಕನ್ನಡಕ ಮತ್ತೆ ಹಾಕಿಕೊಂಡು ಸಹಿ ಮಾಡಿದರು. ಕಚೇರಿಯಲ್ಲಿ ಕನ್ನಡದ ಟೈಪ್‌ರೈಟರ್ ಇನ್ನೂ ಇರಲಿಲ್ಲ. ಸ್ಟೆನ್ಸಿಲ್ ಹಾಳೆಯ ಮೇಲೆ ಮುಳ್ಳಿನಂಥ ಕಡ್ಡಿಯಿಂದ ಕೈಯಲ್ಲೇ ಅಕ್ಷರ ಕೊರೆದು ಪ್ರತಿ ತೆಗೆದೆವು. ಕೊನೆಗೆ ನಾನೇ ಒಂದು ಸಾಲು ಸೇರಿಸಿದೆ: ‘ನೀವು ಶಿಕ್ಷಕರಾಗಿದ್ದರೆ ನಿಮಗೆ ಮನ್ನಾ ಉಂಟು. ಸೇವಾ ಪ್ರಮಾಣಪತ್ರ ಕಳುಹಿಸಿ.’

ಆ ಸಾಲು ಕೆಲಸ ಮಾಡಿತು. ಟಪಾಲಿನಲ್ಲಿ ಪ್ರಮಾಣಪತ್ರಗಳು ಕಂತೆ ಕಂತೆಯಾಗಿ ಬರತೊಡಗಿದವು. ಕೆಲಸದ ಒತ್ತಡದಲ್ಲಿ ನಾನು ಪ್ರತಿಯೊಂದರ ಮೂಲೆಯಲ್ಲೂ ಬಂದ ತಾಲ್ಲೂಕಿನ ಮೊದಲ ಅಕ್ಷರ ಬರೆದು ಜವಾನನ ಕೈಗೆ ಕೊಡುತ್ತಿದ್ದೆ, ಅವನು ಆಯಾ ತಾಲ್ಲೂಕಿನ ಫೈಲುಗಳ ಬಟ್ಟೆಗಂಟಿಗೆ ಸೇರಿಸುತ್ತಿದ್ದ. ನನಗಿಂತ ಮೊದಲು ಆ ಮೇಜಿನಲ್ಲಿದ್ದವರು ಹಾಗೆ ಮಾಡುತ್ತಿದ್ದರು, ನಾನೂ ಹಾಗೇ ಮಾಡಿದೆ. ಹಿರಿಯೂರಿಗೆ ‘ಹಿ’. ಹೊಸದುರ್ಗಕ್ಕೆ ‘ಹೊ’. ಹೊಳಲ್ಕೆರೆಗೂ ‘ಹೊ’. ಇದರಲ್ಲಿ ಏನು ತಪ್ಪಿದೆ ಎಂದು ನಿಮಗೆ ಈಗಲೇ ಹೊಳೆದಿರಬಹುದು. ನನಗೆ ಎರಡು ವರ್ಷ ಹೊಳೆಯಲಿಲ್ಲ.

ಎರಡನೆಯ ವರ್ಷದ ಕೊನೆಯಲ್ಲಿ ತಿಪ್ಪೇಸ್ವಾಮಿ ಮೇಷ್ಟ್ರು ಬಂದರು. ಜವನಗೊಂಡನಹಳ್ಳಿಯ ಕಡೆ ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ಆಗತಾನೆ ನಿವೃತ್ತರಾದವರು. ಕೊಡೆಯನ್ನು ಬಾಗಿಲ ಹೊರಗೆ ಒರಗಿಸಿಟ್ಟು, ಒಳಬರಲೇ ಎಂದು ಕೇಳಿ ಬಂದರು.

“ಕುಂತ್ಕಳ್ರಿ ಮೇಷ್ಟ್ರೆ,” ಎಂದೆ.

“ಏನಿಲ್ಲಮ್ಮ, ನನ್ ಪೆನ್ಷನ್ ಕಾಗದ ನಿಂತೈತೆ. ಒಂದು ಸಾಲಕ್ಕೆ ಜಾಮೀನು ಹಾಕಿದ್ದೆ. ಅದು ತೀರೋತನಕ ಬಾಕಿ ಇಲ್ಲ ಅಂತ ಬರ್ಕೊಡಲ್ವಂತೆ. ಎಷ್ಟು ಅಂತ ಹೇಳಿದ್ರೆ, ನಂಗೆ ಬರೋದ್ರಲ್ಲೇ ಹಿಡ್ಕಳಿ ಅಂತ ಬರ್ದು ಕೊಟ್ಬಿಡ್ತೀನಿ.”

ಸಾಲಗಾರನ ಹೆಸರು ಜುಂಜಣ್ಣ. ಹಿರಿಯೂರು ತಾಲ್ಲೂಕಿನ ಗಂಟಿನಲ್ಲಿ ಅವನ ಫೈಲು ಸಿಕ್ಕಿತು. ಕುರಿ ಮೇಯಿಸುವವರ ಹಟ್ಟಿಯ ಹುಡುಗ. ಮೂರು ನೋಟೀಸು ಹೋಗಿ ಮೂರೂ ವಾಪಸು ಬಂದಿದ್ದವು. ಮನೆಯವರು ಬೇಸಿಗೆಯಲ್ಲಿ ಮಾರಿಕಣಿವೆ ಅಣೆಕಟ್ಟಿನ ಹಿನ್ನೀರಿನ ಕಡೆ ಕುರಿ ಹೊಡೆದುಕೊಂಡು ಹೋದರೆ ಹಟ್ಟಿಯಲ್ಲಿ ಅಂಚೆ ತೆಗೆದುಕೊಳ್ಳುವವರೇ ಇರುತ್ತಿರಲಿಲ್ಲ. ಸಾಲಗಾರ ಸಿಗದಿದ್ದಾಗ ಜಾಮೀನುದಾರರನ್ನು ಹಿಡಿಯಬೇಕೆಂಬುದು ನಿಯಮ. ಮೇಷ್ಟ್ರ ಪೆನ್ಷನ್ ತಡೆಹಿಡಿಯಬೇಕೆಂದು ಬರೆದ ಕಾಗದದ ಪ್ರತಿಯೂ ಅದರಲ್ಲೇ ಇತ್ತು. ಅದರ ಮೇಲಿದ್ದುದು ನನ್ನದೇ ಅಕ್ಷರ.

“ಈ ಜುಂಜಣ್ಣ ಎಲ್ಲಿದಾನೆ ಮೇಷ್ಟ್ರೆ?”

ಅವರ ಮುಖ ಅರಳಿತು. “ಹೊಳಲ್ಕೆರೆ ಕಡೆ ಹೈಸ್ಕೂಲಾಗೆ ಅವ್ನೆ. ಸೈನ್ಸ್ ಮೇಷ್ಟ್ರು. ಇದು ಆರನೇ ವರ್ಷ. ಅವ್ನಪ್ಪ ಕುರಿ ಹಿಂದೆ ಕಳಿಸ್ತೀನಿ ಅಂತ ಕುಂತಿದ್ದ. ಜಗಳ ಮಾಡಿ ಸ್ಕೂಲಿಗೆ ಕರ್ಕಂಡು ಬಂದಿದ್ದು ನಾನೇ.” ಒಂದು ಕ್ಷಣ ಬಿಟ್ಟು ದನಿ ತಗ್ಗಿಸಿದರು. “ಅವ್ನಿಗೆ ಈ ವಿಷ್ಯ ತಿಳಿಸ್ಬೇಡ್ರಿ. ಮದ್ವೆಯಾಗಿ ಒಂದು ವರ್ಷ ಆಗೈತೆ. ನೊಂದ್ಕತಾನೆ.”

ಆರನೇ ವರ್ಷ! ಹಾಗಾದರೆ ಮುಗಿದ ಐದು ವರ್ಷಗಳಿಗೆ ಅರ್ಧ ಸಾಲ ಮನ್ನಾ ಆಗಿರಬೇಕಿತ್ತು. ಮನ್ನಾ ಪಡೆಯುತ್ತಿರುವವರ ಮೇಲೆ ವಸೂಲಿಯೂ ಇರುತ್ತಿರಲಿಲ್ಲ. ಆದರೆ ಫೈಲಿನಲ್ಲಿ ಒಂದೇ ಒಂದು ಪ್ರಮಾಣಪತ್ರವೂ ಇರಲಿಲ್ಲ.

ಗುರುಸಿದ್ದಪ್ಪನವರನ್ನು ಕೇಳಿದೆ. “ಕ್ಲೇಮು ಇಲ್ಲ ಅಂದ್ರೆ ಮನ್ನಾ ಇಲ್ಲ,” ಎಂದರು. “ಹುಡುಗರು ಉದಾಸೀನ ಮಾಡ್ತಾರೆ, ಜಾಮೀನು ಹಾಕಿದೋರು ಅನುಭವಿಸ್ತಾರೆ.”

ಅದೇ ಶನಿವಾರ ರಜೆ ಹಾಕಿ ಹೊಳಲ್ಕೆರೆ ಬಸ್ಸು ಹತ್ತಿದೆ. ಯಾರೂ ಹೋಗು ಎಂದಿರಲಿಲ್ಲ. ಹೊಳಲ್ಕೆರೆಯಲ್ಲಿ ಇಳಿದು, ಮೇಷ್ಟ್ರು ಹೇಳಿದ್ದ ಹಳ್ಳಿಯ ಕಡೆ ಹೊರಟಿದ್ದ ಇನ್ನೊಂದು ಬಸ್ಸಿನಲ್ಲಿ ನಿಂತುಕೊಂಡೇ ಹೋದೆ. ಶಾಲೆಯ ಹೆಡ್‌ಮಾಸ್ತರರು ಒಬ್ಬಳೇ ಬಂದ ಹೆಂಗಸನ್ನು ಕಂಡು ಯಾರೋ ತನಿಖೆಗೆ ಬಂದಿದ್ದಾರೆಂದು ಹೆದರಿ, ಮೊದಲು ಹಾಜರಿ ಪುಸ್ತಕ ತಂದಿಟ್ಟರು, ಆಮೇಲೆ ಟೀ ತರಿಸಿದರು. ಜುಂಜಣ್ಣ ತರಗತಿಯಿಂದ ಬಂದ. ತೆಳ್ಳನೆಯ ಆಳು, ಅಂಗಿಯ ತೋಳಿನ ಮೇಲೆಲ್ಲ ಸೀಮೆಸುಣ್ಣ. ಪ್ರಮಾಣಪತ್ರ ಯಾಕೆ ಕಳಿಸಲಿಲ್ಲ ಎಂದು ಕೇಳಿದೆ.

“ಕಳ್ಸಿಲ್ವಾ? ಪ್ರತಿ ವರ್ಷ ಕಳ್ಸಿದೀನಿ ಮೇಡಂ. ಐದು ಸಲ.”

ಕಪಾಟಿನಿಂದ ಒಂದು ರಟ್ಟಿನ ಫೈಲು ತಂದು ಬಿಡಿಸಿದ. ರಿಜಿಸ್ಟರ್ಡ್ ಅಂಚೆ ತಲುಪಿದ್ದಕ್ಕೆ ಬರುವ ಐದು ಕಾರ್ಡುಗಳು ಸಾಲಾಗಿದ್ದವು. ಐದರ ಮೇಲೂ ನಮ್ಮ ಕಚೇರಿಯ ಮೊಹರು. ಕೊನೆಯ ಎರಡರ ಮೇಲೆ ನನ್ನ ಸಹಿ.

ಆ ಎರಡು ಕಾರ್ಡುಗಳನ್ನು ತಿರುಗಿಸಿ ನೋಡಿ ಮತ್ತೆ ಸಾಲಿಗಿಟ್ಟೆ. “ಹುಡುಕ್ತೀನಿ,” ಎಂದಷ್ಟೇ ಹೇಳಿದೆ.

ಅವನು ನನ್ನನ್ನೇ ನೋಡುತ್ತಿದ್ದ. “ಇಷ್ಟು ವರ್ಷ ಇಲ್ದಿದ್ದು ಈಗ್ಯಾಕೆ ಬಂದ್ರಿ? ಮೇಷ್ಟ್ರಿಗೆ ಏನಾರ ತೊಂದ್ರೆ ಆಗೈತಾ?”

ಹೇಳಬಾರದೆಂದು ಮೇಷ್ಟ್ರು ಕೇಳಿಕೊಂಡಿದ್ದರು. ನಾನು ಹೇಳಲಿಲ್ಲ, ಸುಳ್ಳು ಹೇಳಲೂ ಆಗಲಿಲ್ಲ. ಅಷ್ಟೇ ಸಾಕಾಯಿತು.

“ಅವರ ಪೆನ್ಷನ್ ಹಿಡಿದೀರಾ?” ಅವನ ದನಿ ಪಕ್ಕದ ಕೋಣೆಗೂ ಕೇಳಿಸಿತು. ಅಲ್ಲಿ ಹುಡುಗರ ಗದ್ದಲ ನಿಂತಿತು. “ಕಾಲಿಗೆ ಚಪ್ಲಿ ಇರ್ಲಿಲ್ಲ ನಂಗೆ. ಚಿತ್ರದುರ್ಗದ ಕಾಲೇಜಿಗೆ ಸೇರ್ಸೋಕೆ ಬಂದಾಗ ತಮ್ ಚಪ್ಲಿ ಬಿಚ್ಕೊಟ್ಟು ಬರಿಗಾಲಲ್ಲಿ ವಾಪಸ್ ಹೋದೋರು ಅವ್ರು! ಎಷ್ಟು ಕಟ್ಬೇಕು ಹೇಳ್ರಿ. ಹೆಂಡ್ತಿ ಮೈಮೇಲಿರೋದು ಮಾರಿ ಸೋಮವಾರಕ್ಕೇ ತಂದು ಕಟ್ತೀನಿ.”

“ಕಟ್ಟಬೇಡಿ,” ಎಂದೆ.

ಸಾಲ ವಸೂಲಿಯ ಗುಮಾಸ್ತೆ ಸಾಲಗಾರನಿಗೆ ಕಟ್ಟಬೇಡ ಎನ್ನುವುದು ನನಗೇ ವಿಚಿತ್ರವಾಗಿ ಕೇಳಿಸಿತು. ಆದರೆ ನನಗೆ ಗೊತ್ತಿತ್ತು: ಒಮ್ಮೆ ಖಜಾನೆಗೆ ಹೋದದ್ದನ್ನು ವಾಪಸು ತರಿಸುವ ದಾರಿ ಆ ಪುಸ್ತಕದ ಯಾವ ಪುಟದಲ್ಲೂ ಇರಲಿಲ್ಲ. “ನೀವು ಐದು ವರ್ಷ ಪಾಠ ಹೇಳಿ ಅಷ್ಟನ್ನ ತೀರಿಸಿದೀರಿ. ಮತ್ತೆ ಯಾಕೆ ಕಟ್ತೀರಿ? ತಪ್ಪು ನಮ್ಮದು. ಅದನ್ನ ನಾನು ಸರಿ ಮಾಡ್ತೀನಿ.”

“ಮಾಡ್ಲಿಲ್ಲ ಅಂದ್ರೆ?”

“ಆಗ ನನ್ನ ಹೆಸರು ಹಿಡಿದು ಮೇಲಿನವರಿಗೆ ಬರೀರಿ,” ಎಂದು ನನ್ನ ಪೂರ್ತಿ ಹೆಸರನ್ನು ಅವನ ಫೈಲಿನ ರಟ್ಟಿನ ಮೇಲೆ ಬರೆದುಕೊಟ್ಟು ಬಂದೆ.

ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕಚೇರಿಗೆ ಹೋಗಿ ಗಂಟುಗಳನ್ನು ಇಳಿಸಿದೆ. ಹೊಳಲ್ಕೆರೆಯ ಗಂಟಿನಲ್ಲಿ ಇರಲಿಲ್ಲ. ಹೊಸದುರ್ಗದ ಗಂಟು ಬಿಚ್ಚಿದಾಗ ಒಂದರ ಕೆಳಗೊಂದರಂತೆ ಐದೂ ಸಿಕ್ಕವು. ಮೂಲೆಯಲ್ಲಿ ‘ಹೊ’. ಮೂರರ ಮೇಲೆ ಹಿಂದಿನವರ ಅಕ್ಷರ, ಎರಡರ ಮೇಲೆ ನನ್ನದು. ಜವಾನನಿಗೆ ‘ಹೊ’ ಎಂದರೆ ಕೈಗೆ ಹತ್ತಿರವಿದ್ದ ಹೊಸದುರ್ಗದ ಗಂಟು. ಅಲ್ಲಿಂದ ಹಿರಿಯೂರಿನ ಮೂಲ ಫೈಲಿಗೆ ಸೇರಿಸಬೇಕಾದದ್ದು ನನ್ನ ಕೆಲಸ. ನಾನು ನೋಡಿರಲಿಲ್ಲ. ಇನ್ನಷ್ಟು ಕೆದಕಿದೆ. ಹಾಗೇ ದಾರಿ ತಪ್ಪಿ ಬಂದು ಕೂತಿದ್ದ ಬೇರೆ ಮೇಷ್ಟ್ರುಗಳ ಪ್ರಮಾಣಪತ್ರಗಳೂ ಒಂದು ಬೊಗಸೆ ಸಿಕ್ಕವು. ನೋಟೀಸಿಗೆ ನಾನು ಸೇರಿಸಿದ್ದ ಆ ಸಾಲನ್ನು ನಂಬಿ ಕಳಿಸಿದವರು ಅವರು. ನೆಲದ ಮೇಲೆ ಕೂತು, ಧೂಳು ಮೆತ್ತಿದ ಕೈಯಲ್ಲಿ ಒಂದೊಂದರ ಹೆಸರನ್ನೂ ಓದಿ ಬೇರೆಯಾಗಿ ಜೋಡಿಸಿದೆ.

ನಡೆದದ್ದನ್ನು ನಡೆದ ಹಾಗೇ ಒಂದು ಟಿಪ್ಪಣಿ ಬರೆದೆ. ಪ್ರಮಾಣಪತ್ರಗಳು ಸಕಾಲದಲ್ಲಿ ಬಂದಿವೆ, ಕಚೇರಿಯ ತಪ್ಪಿನಿಂದ ಬೇರೆ ಗಂಟಿಗೆ ಸೇರಿವೆ, ಅದರಲ್ಲಿ ಇಂತಿಷ್ಟು ನನ್ನ ತಪ್ಪು ಎಂದು.

ಗುರುಸಿದ್ದಪ್ಪನವರು ಎರಡು ಸಲ ಓದಿದರು.

“ಇದನ್ನ ಹಿಂಗೇ ಮೇಲಕ್ಕೆ ಕಳಿಸಿದ್ರೆ ಏನಾಗುತ್ತೆ ಗೊತ್ತಾ? ನಿಮ್ಮ ಪ್ರೊಬೇಷನ್ ಇನ್ನೂ ಮುಗಿದಿಲ್ಲ.”

“ಗೊತ್ತು ಸಾರ್.”

“ಇನ್ನೊಂದು ದಾರಿ ಇದೆ. ಆ ಹುಡುಗನಿಂದ ಈ ವರ್ಷದ್ದು ಒಂದು ಹೊಸ ಪ್ರಮಾಣಪತ್ರ ತರಿಸಿ. ಇನ್ಮುಂದೆ ಮನ್ನಾ ಸಿಗುತ್ತೆ.”

“ಹಿಂದಿನ ಐದು ವರ್ಷ?”

“ತಡವಾಯ್ತು ಅಂತ ಬೆಂಗಳೂರಲ್ಲಿ ಬಿಟ್ಟುಬಿಡ್ತಾರೆ. ಮೇಷ್ಟ್ರು ನಾನೇ ಕಟ್ತೀನಿ ಅಂತಿದಾರಲ್ಲ.”

ನಿಜ ಹೇಳುತ್ತೇನೆ, ಆ ಮಾತು ಒಂದು ಗಳಿಗೆ ನನಗೂ ಹಿತವಾಗಿ ಕೇಳಿಸಿತು. ಬುರುಜನಹಟ್ಟಿಯ ಬಾಡಿಗೆ ಮನೆಯಲ್ಲಿ ನಾನು, ತಾಯಿ, ಓದುತ್ತಿದ್ದ ತಂಗಿ. ತಂದೆ ಇರಲಿಲ್ಲ. ಮೂವರ ಅನ್ನ ನನ್ನ ಕೆಲಸದಲ್ಲಿತ್ತು. ಯಾರಿಗೂ ತಿಳಿಯದ ಹಾಗೆ ಎಲ್ಲ ಮುಚ್ಚಿಹೋಗಬಹುದಿತ್ತು. ಸ್ವತಃ ಮೇಷ್ಟ್ರೇ ಅದಕ್ಕೆ ಒಪ್ಪಿದ್ದರು. ನನ್ನನ್ನು ತಡೆದದ್ದು ಬಹುಶಃ ಅದೇ. ಅವರು ಜಗಳವಾಡಿದ್ದರೆ ನಾನೂ ಜಗಳವಾಡಿ ತಪ್ಪಿಸಿಕೊಳ್ಳುತ್ತಿದ್ದೆನೇನೋ.

“ಅವರು ಕಟ್ಟೋದು ಬೇಡ ಸಾರ್. ಟಿಪ್ಪಣಿ ಹಾಗೇ ಹೋಗಲಿ.”

ಗುರುಸಿದ್ದಪ್ಪನವರು ಪೆನ್ನಿನ ಮುಚ್ಚಳ ತೆಗೆದು ಬಹಳ ಹೊತ್ತು ಹಿಡಿದುಕೊಂಡಿದ್ದರು. ಆಮೇಲೆ ನನ್ನ ಸಹಿಯ ಕೆಳಗೆ ತಮ್ಮ ಗುಂಡು ಅಕ್ಷರದಲ್ಲಿ ಬರೆದರು: ‘ಈ ವಿಭಾಗದ ಮೇಲ್ವಿಚಾರಣೆ ನನ್ನದು. ಐದು ವರ್ಷವೂ ನಾನೇ ಇದ್ದೆ. ಲೋಪಕ್ಕೆ ನಾನೂ ಹೊಣೆ.’ ಅವರ ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು. ಏನಾದರೂ ಹೇಳಬೇಕೆಂದು ನಾನು ಬಾಯಿ ತೆರೆದೆ. “ಕೊನೇ ಪ್ಯಾರಾದಲ್ಲಿ ಒಂದು ಕಾಗುಣಿತ ತಪ್ಪಿದೆ, ತಿದ್ದಿ ತನ್ನಿ,” ಎಂದು ಫೈಲು ತಳ್ಳಿದರು.

ಇಬ್ಬರಿಗೂ ಮೆಮೊ ಬಂತು. ನನ್ನ ಪ್ರೊಬೇಷನ್ ಒಂದು ವರ್ಷ ಮುಂದಕ್ಕೆ ಹೋಯಿತು, ಇನ್‌ಕ್ರಿಮೆಂಟು ನಿಂತಿತು. ಅವರಿಗೆ ಎಚ್ಚರಿಕೆ. ಮನೆಯಲ್ಲಿ ಹೇಳಿದಾಗ ಅಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಕೆಲ್ಸ ಐತೋ ಇಲ್ವೋ, ಅಷ್ಟು ಹೇಳು,” ಎಂದರು. ಇದೆ ಎಂದೆ. ಮತ್ತೆ ರೊಟ್ಟಿ ಬಡಿಯತೊಡಗಿದರು.

ಆದರೆ ಮನ್ನಾ ಆದೇಶ ಬರಲಿಲ್ಲ. ಹೊಸಬರು ತಿಳಿಯಬೇಕಾದದ್ದು ಇದು: ತಪ್ಪು ಒಪ್ಪಿಕೊಂಡ ತಕ್ಷಣ ಅದು ಸರಿಹೋಗುವುದಿಲ್ಲ. ಬೆಂಗಳೂರಿನಿಂದ ಮೊದಲ ಆಕ್ಷೇಪಣೆ ಬಂತು: ಅದು ಅನುದಾನಿತ ಶಾಲೆ, ಅಲ್ಲಿಯವರು ಶಿಕ್ಷಕರೆಂದು ಲೆಕ್ಕವೋ ಅಲ್ಲವೋ? ಉತ್ತರ ಬರೆದೆ. ಎರಡನೆಯದು: ಹೆಡ್‌ಮಾಸ್ತರರು ಬದಲಾಗಿದ್ದಾರೆ, ಐದು ಪ್ರಮಾಣಪತ್ರಗಳ ಸಹಿ ಏಕೆ ಬೇರೆ ಬೇರೆ? ಉತ್ತರ ಬರೆದೆ. ಮೂರನೆಯದು: ಮೂಲ ಬಾಂಡು ಕಳುಹಿಸಿ. ಅಂಚೆಯನ್ನು ನಂಬುವ ಧೈರ್ಯ ನನಗಿರಲಿಲ್ಲ. ಬಾಂಡನ್ನು ಸೀರೆಯ ಮಡಿಕೆಗಳ ನಡುವೆ ಚೀಲದಲ್ಲಿಟ್ಟುಕೊಂಡು ನಾನೇ ಬೆಂಗಳೂರಿಗೆ ಹೋಗಿ, ಕೊಟ್ಟು, ರಸೀದಿ ಬರೆಸಿಕೊಂಡು ಬಂದೆ.

ಈ ತಿಂಗಳುಗಳಲ್ಲಿ ಮೇಷ್ಟ್ರು ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರು. ಪೆನ್ಷನ್ ಇರಲಿಲ್ಲ. ಊರಿನವರಿಗೆ ಅರ್ಜಿ ಬರೆದುಕೊಟ್ಟು, ಮಕ್ಕಳಿಗೆ ಮನೆಪಾಠ ಹೇಳಿ ಜೀವನ ಸಾಗಿಸುತ್ತಿದ್ದರು. ಬಂದು ಬೆಂಚಿನ ಮೇಲೆ ಕೂತು ಹೂಜಿಯಿಂದ ನೀರು ಕುಡಿಯುವರು. ಏನಾಯ್ತು ಎಂದು ಕೇಳುತ್ತಿರಲಿಲ್ಲ. ಒಂದು ದಿನ ನನಗೇ ತಡೆಯದೆ, “ನಿಮಗೆ ಸಿಟ್ಟು ಬರಲ್ವಾ ಮೇಷ್ಟ್ರೆ? ಆ ಪ್ರಮಾಣಪತ್ರಗಳ ವಿಷಯದಲ್ಲಿ ತಪ್ಪು ಮಾಡಿದೋಳು ನಾನೇ,” ಎಂದೆ.

“ಜುಂಜ ಹೇಳಿದ,” ಎಂದರು. “ಸಿಟ್ಟು ಬಂತಮ್ಮ. ಎರಡು ದಿನ ಇತ್ತು. ಆಮೇಲೆ, ತಪ್ಪು ಬರ್ದೋರು ತಾವೇ ಅಳಿಸಿ ತಿದ್ತಾ ಅವ್ರೆ, ನಾನ್ಯಾಕೆ ಬೆತ್ತ ಹಿಡೀಲಿ ಅನ್ಸ್ತು.”

ನಾನು ಗಂಟುಗಳ ಪದ್ಧತಿಯನ್ನೇ ಬಿಟ್ಟೆ. ಖಾಲಿ ರಟ್ಟುಗಳನ್ನು ಕತ್ತರಿಸಿ ಒಬ್ಬೊಬ್ಬ ಸಾಲಗಾರನಿಗೂ ಒಂದೊಂದು ಕಾರ್ಡು ಮಾಡಿದೆ. ತಾಲ್ಲೂಕಿನ ಹೆಸರು ಪೂರ್ತಿ, ಈಗ ಕೆಲಸ ಮಾಡುವ ಊರು ಪೂರ್ತಿ. ದಾರಿ ತಪ್ಪಿದ್ದ ಆ ಬೊಗಸೆ ಪ್ರಮಾಣಪತ್ರಗಳನ್ನೂ ಜುಂಜಣ್ಣನ ಫೈಲಿನ ಹಿಂದೆಯೇ ಒಂದೊಂದಾಗಿ ಬೆಂಗಳೂರಿಗೆ ಅಟ್ಟಿದೆ. ಅವನದಕ್ಕೆ ಕೊಟ್ಟ ಉತ್ತರಗಳೇ ಉಳಿದವಕ್ಕೂ ದಾರಿಯಾದವು.

ಮಳೆಗಾಲ ಮುಗಿಯುವ ಹೊತ್ತಿಗೆ ಆದೇಶ ಬಂತು. ಹತ್ತರಲ್ಲಿ ಐದು ಪಾಲು ಮನ್ನಾ, ಉಳಿದದ್ದು ಸೇವೆ ಮುಂದುವರಿದಂತೆ ಮನ್ನಾ, ಜಾಮೀನುದಾರರ ಮೇಲಿನ ಕ್ರಮ ರದ್ದು. ಮೇಷ್ಟ್ರಿಗೆ ಕಾಗದ ಹಾಕಿದೆ. ಜುಂಜಣ್ಣನೂ ರಜೆ ಹಾಕಿ ಅವರ ಜೊತೆ ಬಂದ. ಗುರುಸಿದ್ದಪ್ಪನವರು ತಮ್ಮ ಕುರ್ಚಿಯಿಂದ ಎದ್ದು ಬಂದು, ಪೆನ್ಷನ್‌ಗೆ ಬೇಕಾದ ‘ಬಾಕಿ ಇಲ್ಲ’ ಪತ್ರವನ್ನು ಮೇಷ್ಟ್ರ ಕೈಗಿಟ್ಟರು. ಮೇಷ್ಟ್ರು ಓದಿ, ಮಡಿಚಿ, ಜೇಬಿಗಿಟ್ಟರು. ಹೊರಡುತ್ತಾರೆಂದುಕೊಂಡೆ. ಅವರು ಕೈಚೀಲದಿಂದ ಇನ್ನೊಂದು ಕಾಗದ ತೆಗೆದರು.

ಸಾಲ ವಿದ್ಯಾರ್ಥಿವೇತನದ ಹೊಸ ಅರ್ಜಿ.

“ಕೆಂಚಮ್ಮ ಅಂತ. ಮಾರಿಕಣಿವೆ ಕಾಲುವೆ ಕೂಲಿ ಮಾಡೋರ ಮಗಳು. ಪಿಯುಸಿ ಪಾಸಾಗಿದಾಳೆ, ನನ್ ಹತ್ರಾನೇ ಪಾಠಕ್ಕೆ ಬರೋಳು. ಜಾಮೀನು ನಾನೇ ಹಾಕಾಣ ಅಂತ.”

ಜುಂಜಣ್ಣ ತಲೆಯ ಮೇಲೆ ಕೈ ಇಟ್ಟುಕೊಂಡ. “ಏನ್ ಮೇಷ್ಟ್ರೆ, ಇನ್ನೂ ಬುದ್ಧಿ ಬರ್ಲಿಲ್ವಾ ನಿಮ್ಗೆ?”

“ನಿಂಗೆ ಹಾಕ್ದಾಗ್ಲೂ ನಮ್ ಮನೇಲಿ ಹಂಗೇ ಅಂದಿದ್ರು.”

ನಾನು ನಿಯಮ ಹೇಳಬೇಕಾಯಿತು. ನಿವೃತ್ತರಾದವರು ಜಾಮೀನು ನಿಲ್ಲುವ ಹಾಗಿಲ್ಲ. ಮೇಷ್ಟ್ರ ಕೈ ಕಾಗದದ ಮೇಲೇ ನಿಂತಿತು. ಆರು ತಿಂಗಳು ಪೆನ್ಷನ್ ಇಲ್ಲದೆ ಓಡಾಡಿದಾಗಲೂ ಅವರ ಮುಖ ಹಾಗೆ ಬಾಡಿದ್ದನ್ನು ನಾನು ಕಂಡಿರಲಿಲ್ಲ. ಜುಂಜಣ್ಣ, “ಕೊಡ್ರಿ ಇತ್ಲಾಗೆ, ನಾನ್ ಹಾಕ್ತೀನಿ,” ಎಂದು ಪೆನ್ನು ತೆಗೆದ. ಅದೂ ಆಗುವಂತಿರಲಿಲ್ಲ. ಸ್ವಂತ ಸಾಲ ಪೂರ್ತಿ ತೀರುವವರೆಗೆ ಅವನು ಬೇರೆಯವರಿಗೆ ಜಾಮೀನಾಗಲಾರ.

ಕೆಂಚಮ್ಮನ ಮುಖವನ್ನು ನಾನು ನೋಡಿರಲಿಲ್ಲ. ಅರ್ಜಿಯ ಮೇಲೆ ಅವಳ ಅಕ್ಷರ ಮಾತ್ರ ಇತ್ತು. ಒತ್ತಿ ಒತ್ತಿ ಬರೆದ, ಸಾಲು ತಪ್ಪದ ಅಕ್ಷರ. ಜಾಮೀನುದಾರರ ಜಾಗ ಖಾಲಿ ಇತ್ತು.

“ಸರ್ಕಾರಿ ನೌಕರರು ಹಾಕಬಹುದು,” ಎಂದೆ. ಅರ್ಜಿಯನ್ನು ನನ್ನ ಕಡೆ ತಿರುಗಿಸಿಕೊಂಡು ಸಹಿ ಮಾಡಿದೆ.

ಗುರುಸಿದ್ದಪ್ಪನವರು ನಿಂತಲ್ಲಿಂದಲೇ ನೋಡುತ್ತಿದ್ದರು. ಬಂದು ಅರ್ಜಿಯನ್ನು ಎತ್ತಿಕೊಂಡು, “ಜಾಮೀನು ನಿಮ್ಮದಾದ ಮೇಲೆ ಈ ಫೈಲು ನಿಮ್ಮ ಮೇಜಿಗೆ ಬರಕೂಡದು. ನಾನೇ ನೋಡ್ಕೋತೀನಿ,” ಎಂದು ತಮ್ಮ ಮೇಜಿಗೆ ತೆಗೆದುಕೊಂಡು ಹೋದರು.

ಕೆಂಚಮ್ಮ ಕಾಲೇಜು ಮುಗಿಸಿದಳು, ಹಿರಿಯೂರಿನ ಹತ್ತಿರ ಒಂದು ಶಾಲೆಯಲ್ಲಿ ಟೀಚರಾದಳು, ವರ್ಷ ವರ್ಷವೂ ಪ್ರಮಾಣಪತ್ರ ಕಳಿಸಿ ಸಾಲ ಮುಗಿಸಿಕೊಂಡಳು. ಆ ಸಹಿ ಹಿಡಿದುಕೊಂಡು ನನ್ನನ್ನು ಯಾರೂ ಹುಡುಕಿಕೊಂಡು ಬರಲಿಲ್ಲ. ಬಂದಿದ್ದರೆ ಕಟ್ಟುತ್ತಿದ್ದೆ.